ಕಟ್ಟಿದ ಕೈಯೇ ಬಿಚ್ಚಬೇಕು

ನಮ್ಮ ಚಾಳಿನ ಸಿದ್ದಲಿಂಗಪ್ಪ ಪುಣೆಗೆ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಅಷ್ಟು ವರ್ಷದಲ್ಲಿ ತಾನು ಮಂದಿಯ ತಲೆಗೆ ಕಟ್ಟಿದ ಫೇಟಾಗಳನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಾಸಿದರೆ ನಮ್ಮ ಹಡಪಸರದಿಂದ ತನ್ನ ಊರು ಸಿಂದಗಿಗೆ ಹೋಗಿ ಹೊಳ್ಳಿ ಬರಬಹುದು ಎಂದು ಅವನು ಹೇಳುತ್ತಾನೆ. ನಾನು ನೀರಾವರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಾಲುವೆಗಳ ಉದ್ದ ಬರೆದ ಗುಮಾಸ್ತ. ಉದ್ದದ ವಿಷಯದಲ್ಲಿ ನನ್ನ ಮುಂದೆ ಬಡಾಯಿ ನಡೆಯುವುದಿಲ್ಲ. ಒಂದು ಮಧ್ಯಾಹ್ನ ಸಿಟ್ಟಿನಿಂದ ಕಾಗದ ಹಿಡಿದು ಕೂತು ಗುಣಿಸಿ ನೋಡಿದೆ. ಅವನ ಮಾತು ಸರಿಯಾಗಿಯೇ ಇತ್ತು, ನನಗೆ ಮತ್ತಷ್ಟು ಸಿಟ್ಟು ಬಂತು.

ಮೈಸೂರಿನವರ ಪೇಟ, ನಮ್ಮ ಕಡೆಯ ರುಮಾಲು, ಪುಣೆಯಲ್ಲಿ ಫೇಟಾ. ಒಂಬತ್ತು ಮೀಟರ್ ಬಟ್ಟೆ, ನೆತ್ತಿಯ ಮೇಲೆ ಬೀಸಣಿಗೆಯಂಥ ತುರಾಯಿ, ಬೆನ್ನ ಮೇಲೆ ಇಳಿಬಿಟ್ಟ ಸೆರಗು. ಈ ಊರಿನಲ್ಲಿ ಮದುವೆಗೆ ಫೇಟಾ, ಗಣಪತಿಗೆ ಫೇಟಾ, ವಾರ್ಡಿನ ಮುಖಂಡನ ಹುಟ್ಟುಹಬ್ಬಕ್ಕೆ ಫೇಟಾ. ಮಗರಪಟ್ಟಾದ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಸಂಪ್ರದಾಯದ ದಿನ ಅಂತ ಮಾಡುತ್ತಾರೆ. ಆ ದಿನ ಹುಡುಗ ಹುಡುಗಿಯರೆಲ್ಲ ಕೊರಳಲ್ಲಿ ಗುರುತಿನ ಚೀಟಿ, ತಲೆಯ ಮೇಲೆ ಫೇಟಾ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಇವರಿಗೆಲ್ಲ ಕಟ್ಟುವವನು ನಮ್ಮ ಸಿದ್ದಲಿಂಗಪ್ಪ.

ಮೊದಲು ಅವನು ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುತ್ತಿದ್ದ. ಒಂದು ಗಣಪತಿ ಮೆರವಣಿಗೆಯಲ್ಲಿ ಡೋಲು ಬಡಿಯುವವನೊಬ್ಬನ ಫೇಟಾ ಸಡಿಲಾಗಿ ಕಣ್ಣ ಮೇಲೆ ಬಿತ್ತು. ಇವನು ಹೊತ್ತ ಚೀಲ ಕೆಳಗಿಟ್ಟು, ಊರಲ್ಲಿ ಅಜ್ಜ ಸುತ್ತುತ್ತಿದ್ದಂತೆ ಸುತ್ತಿಕೊಟ್ಟ. ತಿರುಗಿ ನೋಡಿದರೆ ಹಿಂದೆ ನಲವತ್ತು ಮಂದಿ ತಲೆ ಒಡ್ಡಿಕೊಂಡು ಸಾಲಿನಲ್ಲಿ ನಿಂತಿದ್ದರು. ಆ ಚೀಲವನ್ನು ಅವನು ಮತ್ತೆ ಎತ್ತಲೇ ಇಲ್ಲ.

ಒಂದು ಸಂಗತಿ ಮಾತ್ರ ಯಾರೂ ಕೇಳದಿದ್ದರೂ ಅವನು ಹೇಳುತ್ತಿದ್ದ. ಅವನ ಮದುವೆಯಲ್ಲಿ, ಊರಲ್ಲಿ ಅಷ್ಟು ಚೆನ್ನಾಗಿ ಕಟ್ಟುವವರು ಬೇರೆ ಯಾರೂ ಇಲ್ಲವೆಂದು, ಮದುಮಗನೇ ಎಲ್ಲರಿಗೂ ಕಟ್ಟಿದ್ದ. ಕೊನೆಗೆ ತನ್ನದನ್ನೂ ತಾನೇ ಕಟ್ಟಿಕೊಂಡಿದ್ದ.

"ಕನ್ನಡಿ ಹಿಡ್ಕೊಂಡು ಕಟ್ಕೊಂಡೆ ರಾಯ್ರ. ಒಂದೀಟು ಎಡಕ್ಕ ವಾಲಿತ್ತು. ಯಾರೂ ಹೇಳಲಿಲ್ಲ ನೋಡ್ರಿ."

ಅದಾದ ಮೇಲೆ ಅವನ ತಲೆ ಬರಿದೇ. ಕಟ್ಟುವವನಿಗೆ ಯಾರು ಕಟ್ಟುತ್ತಾರೆ?

ಇನ್ನು ಅವನ ಸುಳ್ಳಿನ ವಿಚಾರಕ್ಕೆ ಬರುತ್ತೇನೆ. ಫೇಟಾ ಬಟ್ಟೆ ಅವನದು. ಸಮಾರಂಭ ಮುಗಿದ ಮೇಲೆ ಅವನಿಗೆ ಹಿಂದಕ್ಕೆ ಬರಬೇಕು. ಆದರೆ ಉಂಡವರು ಅದನ್ನೇ ಬಿಚ್ಚಿ ಕೈ ಒರೆಸಿಕೊಳ್ಳುತ್ತಿದ್ದರು. ಒಬ್ಬ ಪುಣ್ಯಾತ್ಮ ಅದರಿಂದ ಸ್ಕೂಟರಿಗೆ ಪಾತ್ರೆಯ ಡಬ್ಬಿ ಕಟ್ಟಿಕೊಂಡು ಹೋಗಿಯೇಬಿಟ್ಟ. ಬೇಸತ್ತ ಸಿದ್ದಲಿಂಗಪ್ಪ ಒಂದು ನಿಯಮ ಹುಟ್ಟಿಸಿದ: "ಫೇಟಾ ತಾವಾಗಿ ಬಿಚ್ಚಬಾರದು. ಕಟ್ಟಿದ ಕೈಯೇ ಬಿಚ್ಚಬೇಕು. ಇಲ್ಲಾಂದ್ರ ಕಟ್ಟಿಸಿದ ಮನೀ ಮಾನ ಹೋಗ್ತದ, ಹಿರೇರು ಹೇಳ್ಯಾರ." ಯಾವ ಹಿರಿಯರೂ ಹೇಳಿರಲಿಲ್ಲ. ಆದರೆ ಮಾನ ಎಂದ ಕೂಡಲೇ ಜನ ಹೆದರಿದರು. ಸಮಾರಂಭ ಮುಗಿಯುವ ಹೊತ್ತಿಗೆ ಅವನು ಬಾಗಿಲಲ್ಲಿ ಚೀಲ ಹಿಡಿದು ನಿಲ್ಲುತ್ತಿದ್ದ, ಎಲ್ಲರೂ ಬಂದು ತಲೆ ಬಗ್ಗಿಸಿ ಬಿಚ್ಚಿಸಿಕೊಂಡು ಹೋಗುತ್ತಿದ್ದರು. ಇಪ್ಪತ್ತು ವರ್ಷದಿಂದ ಒಂದು ಬಟ್ಟೆಯೂ ಕಳೆದಿರಲಿಲ್ಲ.

ಹೋದ ನವೆಂಬರಿನಲ್ಲಿ ಅವನ ಮಗಳು ರೇಣುವಿನ ಮದುವೆ ನಿಶ್ಚಯವಾಯಿತು. ವರ ಮಾಂತು. ವರನ ತಂದೆ ಬಸವಪ್ರಭು ಇಂದಾಪುರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು, ನಮ್ಮ ಕಡೆಯವರೇ. ಮಾತುಕತೆಯ ದಿನ ಅವರು ಸಿದ್ದಲಿಂಗಪ್ಪನ ಕಸುಬು ಕೇಳಿ ನಕ್ಕುಬಿಟ್ಟರು.

"ಅಂದ್ರ ಮಂದೀ ತಲಿ ಮ್ಯಾಲೆ ಬದುಕೋರು ಅನ್ರಿ!"

ಸಿದ್ದಲಿಂಗಪ್ಪನೂ ನಕ್ಕ. ಆದರೆ ಅವನ ಕಿವಿ ಕೆಂಪಾಗಿದ್ದನ್ನು ನಾನು ಕಂಡೆ. ಬಸವಪ್ರಭು ಕೇಳಿದ್ದು ಒಂದೇ: "ನಮ್ಗ ಕೊಡೋದು ತಗೊಳ್ಳೋದು ಏನೂ ಬ್ಯಾಡ್ರಿ. ನಮ್ಮ ಕಡೆ ಹನ್ನೊಂದು ಮಂದಿ ಹಿರೇರು ಇದ್ದೀವಿ. ಹನ್ನೊಂದು ಮಂದಿಗೂ ಅಕ್ಕಿಕಾಳು ಬೀಳೂಕಿಂತ ಮುಂಚೆ ಒಂದೇ ನಮೂನಿ ಫೇಟಾ ಆಗ್ಬೇಕು. ನಿಮ್ಮ ಕೈಗುಣ ನೋಡೇಬಿಡೋಣು."

ಇದು ಪರೀಕ್ಷೆ ಎಂದು ಸಿದ್ದಲಿಂಗಪ್ಪನಿಗೆ ಗೊತ್ತಾಯಿತು. ಇಳಕಲ್ಲಿನ ನೇಕಾರನೊಬ್ಬನಿಂದ ಕುಂಕುಮ ಬಣ್ಣದ, ಜರಿ ಅಂಚಿನ ಹನ್ನೊಂದು ರೇಷ್ಮೆ ಬಟ್ಟೆಗಳನ್ನು ನೇಯಿಸಿ ತರಿಸಿದ. ಬಂದ ದಿನವೇ ಫೋಟೋ ತೆಗೆದು ಬೀಗರಿಗೆ ಕಳಿಸಿದ. ಇಂಥವೇ ಮತ್ತೆ ಬೇಕೆಂದರೆ ಎರಡು ತಿಂಗಳು ಎಂದು ನೇಕಾರ ಮೊದಲೇ ಹೇಳಿದ್ದ. ಇದೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ನಮ್ಮವನು ಮಾಡಿದ ಮೂರ್ಖತನದ ಪೂರ್ತಿ ಅಳತೆ ನಿಮಗೆ ಸಿಗಬೇಕು.

ಮದುವೆಗೆ ಹನ್ನೆರಡು ದಿನ ಇರುವಾಗ, ಶಿರೂರಿನ ಆಚೆ ಬೋರಮಳಾ ಎಂಬ ನಲವತ್ತು ಮನೆಯ ವಾಡಿಯಿಂದ ಪಾಸ್ಟರ್ ಶಾಂತವನ ಸಾಳವೆಯವರ ಫೋನ್ ಬಂತು. ಅಲ್ಲೊಂದು ತಗಡಿನ ಮಾಡಿನ ಪುಟ್ಟ ಚರ್ಚು. ಅಮೆರಿಕದ ನೆಬ್ರಾಸ್ಕಾದ ಒಂದು ಚರ್ಚಿನಿಂದ ಹನ್ನೊಂದು ಮಂದಿ ಬರುತ್ತಿದ್ದಾರೆ, ಹತ್ತು ದಿನ ಇದ್ದು ಮಕ್ಕಳಿಗೆ ಬೈಬಲ್ ಕಲಿಸಲು ಒಂದು ಕೋಣೆ ಕಟ್ಟುತ್ತಾರೆ, ಸೋಮವಾರ ಸ್ವಾಗತ, ಫೇಟಾ ಕಟ್ಟಬೇಕು. ಆ ಸೋಮವಾರ ಸಿದ್ದಲಿಂಗಪ್ಪನ ಮಾಮೂಲಿ ಬಟ್ಟೆಗಳೆಲ್ಲ ಬೇರೊಂದು ಮದುವೆಗೆ ಹೋಗಿದ್ದವು. ಇಲ್ಲ ಎನ್ನಬಹುದಿತ್ತು. ಆದರೆ ಹನ್ನೊಂದು ಎಂಬ ಸಂಖ್ಯೆ ಕಿವಿಗೆ ಬಿದ್ದದ್ದೇ ಅವನಿಗೆ ತಡೆಯಲಾರದ ಆಸೆ ಹುಟ್ಟಿತು.

"ಹನ್ನೊಂದು ತಲಿ ರಾಯ್ರ! ಮುಂಜಾನೆ ಕಟ್ಟಿ ಮಧ್ಯಾಹ್ನ ಬಿಚ್ಕೊಂಡು ಬರೋದು. ಬೀಗರ ಮ್ಯಾಲೆ ಹೆಂಗ ಕಾಣ್ತಾವ ಅಂತ ಒಮ್ಮೆ ನೋಡ್ಧಾಂಗೂ ಆಗ್ತದ. ನೀವೂ ಬರ್ರಿ, ಇಂಗ್ಲೀಷಿಗೆ."

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ನಾನೂ ಹೋದೆ, ಪಿಂಚಣಿದಾರನಿಗೆ ಸೋಮವಾರ ಮತ್ತೇನು ಕೆಲಸ?

ಬೋರಮಳಾದಲ್ಲಿ ಹಲಗೆ ಬಡಿದು, ಹೂವು ಎರಚಿ ಅತಿಥಿಗಳನ್ನು ಇಳಿಸಿಕೊಂಡರು. ತಂಡದ ಮುಖ್ಯಸ್ಥೆ ಡಾರ್ಲೀನ್ ಎಂಬ ಅರವತ್ತೆಂಟರ ಹೆಂಗಸು, ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಎದುರಿಗಿದ್ದವರನ್ನು ಕನ್ನಡಿಯಲ್ಲಿ ನೋಡುವಂತೆ ಹುಬ್ಬೆತ್ತಿ ನೋಡುತ್ತಿದ್ದಳು. ಸಿದ್ದಲಿಂಗಪ್ಪ ಹೆಂಗಸರಿಗೂ ಗಂಡಸರಿಗೂ ಒಂದೇ ಸಮ ಕಟ್ಟಿದ. ಹನ್ನೊಂದು ಕುಂಕುಮ ಬಣ್ಣದ ತುರಾಯಿಗಳು ಎದ್ದು ನಿಂತವು. ಅವನ ಕಣ್ಣಲ್ಲಿ ನೀರು ಬಂತು, ಎದುರಿಗೆ ಕೂತಿದ್ದು ನೆಬ್ರಾಸ್ಕಾದವರಲ್ಲ, ಇಂದಾಪುರದ ಬೀಗರು ಎಂಬಂತೆ. ಆ ಸಂತೋಷದಲ್ಲಿ ಮೈಕು ಕೈಗೆ ತಗೊಂಡು ತನ್ನ ಹಳೆಯ ನಿಯಮವನ್ನು ಮರಾಠಿಯಲ್ಲಿ ಸಾರಿದ: ಕಟ್ಟಿದ ಕೈಯೇ ಬಿಚ್ಚಬೇಕು.

ಪಾಸ್ಟರ್ ಸಾಳವೆ ಅದನ್ನು ಇಂಗ್ಲಿಷಿಗೆ ತಂದರು. ತಂದು ಸುಮ್ಮನಾಗಲಿಲ್ಲ. ತಲೆಯ ಮೇಲೆ ಕಿರೀಟ ಇಟ್ಟವನಿಗೆ ಮಾತ್ರ ಅದನ್ನು ತೆಗೆಯುವ ಅಧಿಕಾರವಿದೆ ಎಂದು ಇಪ್ಪತ್ತೈದು ನಿಮಿಷ ಉಪದೇಶ ಮಾಡಿದರು. ಬಹಳ ಚೆನ್ನಾಗಿಯೂ ಮಾಡಿದರು, ನಾನೇ ತಲೆದೂಗಿದೆ. ಡಾರ್ಲೀನ್ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಹೋದ ಊರಿನ ಪದ್ಧತಿಯನ್ನು ಪ್ರಶ್ನೆ ಮಾಡದೆ ಪಾಲಿಸಬೇಕೆಂದು ಅವರಿಗೆ ಅಲ್ಲಿಂದಲೇ ಹೇಳಿ ಕಳಿಸಿದ್ದರಂತೆ.

ಊಟಕ್ಕೆ ಕೂರುವ ಹೊತ್ತಿಗೆ ಬಸವಪ್ರಭು ಫೋನ್ ಮಾಡಿದರು. ಪುಣೆಗೆ ಬಂದಿದ್ದೇನೆ, ಇಲ್ಲಿಯವರು ಕಾರ್ಯಾಲಯ ಎನ್ನುವ ಮದುವೆ ಛತ್ರದ ಅಡುಗೆಮನೆ ನೋಡಬೇಕು, ಈಗಲೇ ಬನ್ನಿ ಎಂದರು. ಬೀಗರು ಕರೆದ ಮೇಲೆ ಸಿದ್ದಲಿಂಗಪ್ಪ ನಿಲ್ಲುತ್ತಾನೆಯೇ? ಪಾಸ್ಟರ ಕೈಗೆ ಖಾಲಿ ಚೀಲ ಕೊಟ್ಟು, "ಸಂಜೀಕ ಬಿಚ್ಚಿ ಇದರಾಗ ಇಡ್ರಿ, ನಾಳೆ ಬಂದು ಒಯ್ತೀನಿ" ಎಂದು ಹಲಗೆಯ ಸದ್ದಿನಲ್ಲಿ ಕೂಗಿ ಹೇಳಿ, ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದ.

ಮಂಗಳವಾರ ಬೆಳಗ್ಗೆ ಏಳಕ್ಕೆ ಪಾಸ್ಟರ ಫೋನು.

"ಸಿದ್ದಪ್ಪಾ, ಅವರು ಫೇಟಾ ಹಾಕ್ಕೊಂಡೇ ಮಲಗಿದ್ರು."

"ನೀವ್ಯಾಕ ಬಿಚ್ಚಲಿಲ್ರಿ?"

"ನಾನು ಹೆಂಗ ಬಿಚ್ಚಲಿ? ಕಟ್ಟಿದ್ದು ನೀನು."

ಮತ್ತೆ ಶಿರೂರು ಬಸ್ಸು. ನಾವು ಮುಟ್ಟಿದಾಗ ಚರ್ಚಿನ ಪಕ್ಕ ಪಾಯ ತೋಡುವುದು ನಡೆದಿತ್ತು. ಹತ್ತು ಹನ್ನೆರಡು ಅಡಿಯ ಕೋಣೆಗೆ ಹನ್ನೊಂದು ಮಂದಿ. ಮೂವರು ಅಗೆಯುತ್ತಿದ್ದರು, ಏಳು ಮಂದಿ ಸಾಲಾಗಿ ನಿಂತು ಒಂದೇ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಎಲ್ಲರ ತಲೆಯ ಮೇಲೂ ಇಳಕಲ್ಲಿನ ರೇಷ್ಮೆ. ಹನ್ನೊಂದನೆಯವನಾದ ಆರೂವರೆ ಅಡಿ ಎತ್ತರದ ಯುವಕನಂತೂ ಸಿಮೆಂಟಿನ ಚೀಲವನ್ನು ನೇರ ಫೇಟಾದ ಮೇಲೆಯೇ ಹೊತ್ತು ತರುತ್ತಿದ್ದ. ಅವನ ತುರಾಯಿ ಬಾಡಿದ ಕೊತ್ತಂಬರಿಯಂತೆ ಮಲಗಿತ್ತು. ಸಿದ್ದಲಿಂಗಪ್ಪ ಒಂದು ಸದ್ದು ಮಾಡಿದ, ಅಂಥ ಸದ್ದು ನಾನು ಕೇಳಿರಲಿಲ್ಲ. ಓಡಿಹೋಗಿ ಒಂದು ಕಲ್ಲು ಹತ್ತಿ ಆ ಯುವಕನ ತಲೆಗೆ ಕೈ ಹಾಕಿದ.

"ಏಯ್! ತಗೀ ಕೈ!"

ಕೂಗಿದ್ದು ಸಗುಣಾಬಾಯಿ. ಚರ್ಚಿನ ಹಿರಿಯ ಹೆಂಗಸು, ಎಂಬತ್ತರ ಹತ್ತಿರ, ಕೈಯಲ್ಲಿ ಕೋಲು. ಪಾಸ್ಟರಂತೆ ಅವಳು ಆಡಿದ್ದೂ ಮರಾಠಿ, ಇಬ್ಬರ ಮಾತನ್ನೂ ನಾನು ನಮ್ಮ ಮಾತಿಗೆ ತಂದಿದ್ದೇನೆ.

"ಕೆಲಸ ಅರ್ಧಕ್ಕ ಇರುವಾಗ ನಮ್ಮ ಪಾವಣ್ಯಾರ ತಲೀ ಮ್ಯಾಲಿನ ಫೇಟಾ ಇಳಸ್ತೀ? ಆಚೀ ವಾಡ್ಯಾಗಿನ ಮಂದಿ ಗ್ವಾಡೀ ಹತ್ತಿ ನೋಡಾಕತ್ತಾರ. ನಿನ್ನೆ ಕಟ್ಟಿದ್ದು ಇವತ್ತು ಇಳಿಸಿದ್ರ ಚರ್ಚಿನವರು ಪಾವಣ್ಯಾರ ಜೋಡಿ ಜಗಳಾಡ್ಯಾರ ಅಂತ ತಾಲ್ಲೂಕಿಗೆಲ್ಲ ಆಗ್ತದ. ನಿರೋಪದ ದಿನ ಬಿಚ್ಚು."

ಪಾವಣ್ಯಾರು ಎಂದರೆ ಅತಿಥಿಗಳು, ನಿರೋಪ ಎಂದರೆ ಬೀಳ್ಕೊಡುಗೆ. ಅದು ಯಾವತ್ತು ಎಂದು ಕೇಳಿದೆವು. ಮುಂದಿನ ವಾರದ ಬುಧವಾರ, ಹೊರಡುವ ದಿನ ಮುಂಜಾನೆ. ರೇಣುವಿನ ಮದುವೆಯೂ ಅದೇ ಬುಧವಾರ. ಹನ್ನೆರಡು ಮೂವತ್ತೈದಕ್ಕೆ ಅಕ್ಕಿಕಾಳಿನ ಮುಹೂರ್ತ.

ಸಿದ್ದಲಿಂಗಪ್ಪ ಕಲ್ಲಿನ ಮೇಲಿಂದ ಇಳಿದು ಅದೇ ಕಲ್ಲಿನ ಮೇಲೆ ಕೂತ. ಅಷ್ಟರಲ್ಲಿ ಡಾರ್ಲೀನ್ ಬಂದು, ರಾತ್ರಿ ಮಲಗಿ ತನ್ನ ಫೇಟಾ ಸಡಿಲಾಗಿದೆ, ತಾನಂತೂ ಮುಟ್ಟಿಲ್ಲ, ಕಟ್ಟಿದವರು ಬಂದದ್ದು ಒಳ್ಳೆಯದಾಯಿತು ಎಂದು ನನ್ನ ಮೂಲಕ ಹೇಳಿ ಅವನ ಮುಂದೆ ತಲೆ ಬಗ್ಗಿಸಿ ನಿಂತಳು. ಅವಳ ಹಿಂದೆ ಹತ್ತು ಮಂದಿ ಸಾಲು ಹಿಡಿದರು.

ಆ ದಿನದಿಂದ ಅವನ ಬದುಕು ಹೀಗಾಯಿತು: ಬೆಳಗ್ಗೆ ಆರರ ಬಸ್ಸಿಗೆ ಶಿರೂರು, ಅಲ್ಲಿಂದ ಯಾರದೋ ಮೋಟಾರುಬೈಕಿನ ಹಿಂದೆ ಕೂತು ಬೋರಮಳಾ, ಹನ್ನೊಂದು ಫೇಟಾ ಬಿಗಿ ಮಾಡುವುದು, ಸಗುಣಾಬಾಯಿ ಕೊಟ್ಟ ಭಾಕರಿ ತಿನ್ನುವುದು, ಮಧ್ಯಾಹ್ನ ಹೊಳ್ಳಿ ಬಂದು ಮದುವೆಯ ಪತ್ರಿಕೆ ಹಂಚುವುದು. ಸಗುಣಾಬಾಯಿ ಕಾವಲು ಕೂತಿದ್ದರಿಂದ ಪೂರ್ತಿ ಬಿಚ್ಚಿ ಕಟ್ಟುವ ಹಾಗಿರಲಿಲ್ಲ. ಬಿಚ್ಚದೆ ಬಿಗಿ ಮಾಡುವ ಒಂದು ವಿದ್ಯೆಯನ್ನೇ ಅವನು ಕಂಡುಹಿಡಿದ. ಡಾರ್ಲೀನ್ ದಿನವೂ ಪಕ್ಕದಲ್ಲಿ ನಿಂತು ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಒಂದು ದಿನ ನೋಡಿದರೆ ಚರ್ಚಿನ ಹಿಂದೆ ಕೂತು ಪ್ಲಾಸ್ಟಿಕ್ ಕೊಡಕ್ಕೆ ಟವೆಲ್ ಸುತ್ತಿ ಅಭ್ಯಾಸ ಮಾಡುತ್ತಿದ್ದಳು. ಕೊಡದ ಮೇಲೆ ಫೇಟಾ ಅಷ್ಟು ಕೆಟ್ಟದಾಗಿ ಕೂರಬಹುದೆಂದು ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಅವನ ಹೆಂಡತಿ ಭೀಮವ್ವ ಮಾತು ಬಿಟ್ಟಿದ್ದಳು. ಮೂರನೆಯ ದಿನ ಒಂದೇ ಮಾತಾಡಿದಳು: "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನನ್ನ ಮಗಳ ಮದುವೀ ಫೇಟಾ ತಗೊಂಡು ಹೋಗಿ ಗೌಂಡಿ ಕೆಲಸಕ್ಕ ಕೊಟ್ಟು ಬಂದೀರಲ್ರಿ!"

ಅಪ್ಪನ ಮುಖ ನೋಡಿ ರೇಣು, "ಇರ್ಲಿ ಬಿಡಪ್ಪಾ, ಬ್ಯಾರೆ ಬಣ್ಣದ್ದು ಕಟ್ಟು. ಮಾಂತುಗ ನಾ ಹೇಳ್ತೀನಿ" ಎಂದಳು.

ಅವನು ಒಪ್ಪಲಿಲ್ಲ. "ಮಂದೀ ತಲಿ ಮ್ಯಾಲೆ ಬದುಕೋನು ಅಂದಾರವ್ವ. ಅವರ ತಲಿ ಮ್ಯಾಲೆ ಒಮ್ಮೆ ಬರೋಬ್ಬರಿ ಕಟ್ಟಿ ತೋರಿಸ್ಬೇಕು. ಇಲ್ಲಾಂದ್ರ ನೀ ಆ ಮನ್ಯಾಗ ಹೆಂಗ ತಲಿ ಎತ್ತಿ ಅಡ್ಡಾಡ್ತೀ?"

ಆಗ ನಾನು ಗದರಿದೆ. "ಸಿದ್ದಲಿಂಗಪ್ಪ, ನಾಟಕ ಸಾಕು. ಆ ನಿಯಮ ಸುಳ್ಳು ಅಂತ ಪಾಸ್ಟರ ಮುಂದ ಒಪ್ಕೊಂಡುಬಿಡು. ಅವರು ಧರ್ಮಸ್ಥರು, ಕ್ಷಮಿಸ್ತಾರ."

ಶುಕ್ರವಾರ ಹೋಗಿ ಒಪ್ಪಿಕೊಂಡ. ಡೋಲಿನವನಿಂದ ಹಿಡಿದು ಸ್ಕೂಟರಿನ ಡಬ್ಬಿಯವರೆಗೆ ಎಲ್ಲ ಹೇಳಿದ. ಪಾಸ್ಟರ್ ಕಣ್ಣು ಮುಚ್ಚಿ ಕೇಳಿದರು, ಕ್ಷಮಿಸಿಯೂ ಬಿಟ್ಟರು. ಆಮೇಲೆ ಫೋನು ತೆಗೆದು ಒಂದು ಫೋಟೋ ತೋರಿಸಿದರು. ನೆಬ್ರಾಸ್ಕಾದ ಚರ್ಚು. ಬೆಂಚುಗಳ ಮೇಲೆ ನಲವತ್ತು ನಲವತ್ತೈದು ಮಂದಿ, ಅಜ್ಜಂದಿರು, ಅಜ್ಜಿಯರು, ಮಕ್ಕಳು, ಎಲ್ಲರೂ ತಲೆಗೆ ಸ್ನಾನದ ಟವೆಲ್ ಸುತ್ತಿಕೊಂಡು ಗಂಭೀರವಾಗಿ ಕೂತಿದ್ದರು. ಹೊರಗೆ ಮೊಣಕಾಲುದ್ದ ಹಿಮ.

"ಡಾರ್ಲೀನಬಾಯಿ ಬರ್ಕೊಂಡ ನನ್ನ ಉಪದೇಶ ಅಲ್ಲೀತನಾ ಹೋಗ್ಯದ ಸಿದ್ದಪ್ಪಾ. ಒಬ್ಬರದು ಒಬ್ಬರು ಬಿಚ್ಚಾಕತ್ತಾರಂತ. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮರು ಮೊನ್ನೆ ಒಬ್ಬರ ಟವೆಲ್ ಒಬ್ಬರು ಬಿಚ್ಚಿ ಅತ್ತರಂತ. ಈಗ ನಾ ಏನು ಹೇಳ್ಲಿ? ಸ್ಕೂಟರಿನ ಡಬ್ಬಿ ಸುದ್ದಿ ಹೇಳ್ಲೇನು?"

ಹೊರಗೆ ಹನ್ನೊಂದು ಮಂದಿ ಬುಟ್ಟಿ ದಾಟಿಸುತ್ತ ಹಾಡುತ್ತಿದ್ದರು. ಸಿದ್ದಲಿಂಗಪ್ಪ ಅವರ ತಲೆಗಳನ್ನು ಒಂದೊಂದಾಗಿ ನೋಡಿದ.

"ಇವರು ಮುಂಬೈ ವಿಮಾನಕ್ಕ ಹೋಗೋದು ಪುಣೆ ಮ್ಯಾಲಿಂದ ಅಲ್ರಿ?"

"ಹೌದು."

"ಹಂಗಾರ ನಿರೋಪ ನನ್ನ ಮಗಳ ಮದುವ್ಯಾಗ ಮಾಡ್ರಿ. ಫೇಟಾ ಬರೂದಿಲ್ಲಾಂದ್ರ ತಲೀ ಸಹಿತ ಬರ್ಲಿ."

ಪಾಸ್ಟರಿಗೆ ಇದು ದೇವರೇ ತೋರಿಸಿದ ದಾರಿಯಾಗಿ ಕಂಡಿತು. ಸಗುಣಾಬಾಯಿ ಮಾತ್ರ ಷರತ್ತು ಹಾಕಿದಳು: ನಿರೋಪ ಎಂದ ಮೇಲೆ ವಾಡಿಯವರೆಲ್ಲ ಇರಬೇಕು. ಹೀಗಾಗಿ ಎರಡು ಟೆಂಪೊ ಜನವೂ ಮದುವೆಗೆ ಬರುವುದೆಂದಾಯಿತು. ಭೀಮವ್ವನಿಗೆ ಈ ಸುದ್ದಿ ಹೇಳುವ ಕೆಲಸ ನನಗೆ ಬಿತ್ತು. ಅವಳು ಎದ್ದುಹೋಗಿ ಅಡುಗೆಯವನಿಗೆ ಫೋನ್ ಮಾಡಿ ಇನ್ನೂ ಎಂಬತ್ತು ಮಂದಿಯ ಅನ್ನಕ್ಕೆ ಹೇಳಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಬುಧವಾರ. ಹಡಪಸರದ ಕಾರ್ಯಾಲಯ. ಹನ್ನೆರಡು ಗಂಟೆಗೆ ಬೀಗರ ಕಡೆಯ ಹಿರಿಯರು ಹನ್ನೊಂದು ಕುರ್ಚಿಗಳಲ್ಲಿ ಬರಿದಲೆಯಲ್ಲಿ ಸಾಲಾಗಿ ಕೂತಿದ್ದರು. ಒಂದು ಕುರ್ಚಿ ಖಾಲಿ, ಬಸವಪ್ರಭುಗಳ ಸೋದರಮಾವ ಅವ್ವಣ್ಣ ಇನ್ನೂ ಬಂದಿರಲಿಲ್ಲ. ಅತ್ತ ಅಮೆರಿಕದವರ ಮಿನಿಬಸ್ಸು ವಾಘೋಲಿಯ ದಟ್ಟಣೆಯಲ್ಲಿ ಸಿಕ್ಕಿಕೊಂಡಿತ್ತು. ಬಸವಪ್ರಭು ಗಡಿಯಾರ ನೋಡಿದರು.

"ಬೀಗರ, ಫೇಟಾ ಎಲ್ಲಿ?"

"ಬರಾಕತ್ತಾವ್ರಿ."

"ಬರಾಕತ್ತಾವ? ಅವೇನು ನಡ್ಕೋತ ಬರ್ತಾವೇನ್ರಿ?"

"ಹೌದ್ರಿ," ಎಂದ ಸಿದ್ದಲಿಂಗಪ್ಪ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಹನ್ನೆರಡು ಹತ್ತಕ್ಕೆ ಫೇಟಾಗಳು ನಡೆದುಕೊಂಡು ಬಂದವು. ಮುಂದೆ ಡಾರ್ಲೀನ್, ಹಿಂದೆ ಹತ್ತು ಮಂದಿ, ಅವರ ಹಿಂದೆ ಹಲಗೆ ಬಡಿಯುತ್ತ ಬೋರಮಳಾ. ಬಸವಪ್ರಭುಗಳ ಬಾಯಿ ತೆರೆದೇ ಉಳಿಯಿತು. ಅವರು ಗೊಬ್ಬರದ ಕಂಪನಿಯ ದೊಡ್ಡ ಸಾಹೇಬರನ್ನೇ ಮದುವೆಗೆ ಕರೆಸಲಾಗದೆ ಬೇಜಾರಿನಲ್ಲಿದ್ದವರು. ಪಾಸ್ಟರ್ ಮೈಕು ಹಿಡಿದು, ಈ ಹನ್ನೊಂದು ಅತಿಥಿಗಳು ಒಂಬತ್ತು ದಿನ ಹೊತ್ತ ಮಾನವನ್ನು ಈಗ ಕಟ್ಟಿದ ಕೈಯಿಂದಲೇ ಇಳಿಸಿ ಬೀಗರ ತಲೆಗೆ ಒಪ್ಪಿಸಲಿದ್ದಾರೆ ಎಂದು ಮರಾಠಿಯಲ್ಲಿ ಘೋಷಿಸಿದರು. ಬೀಗರ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದೇನು ಗೌರವವೋ ಅವಮಾನವೋ ಅವರಿಗೆ ತಿಳಿಯಲಿಲ್ಲ. ಅವರು ತಿಳಿದುಕೊಳ್ಳುವ ಮೊದಲೇ ಸಿದ್ದಲಿಂಗಪ್ಪ ಕೈ ಹಚ್ಚಿದ್ದ.

ನಾನು ಅವನನ್ನು ಎಷ್ಟು ಬೈದರೂ ಆ ಇಪ್ಪತ್ತು ನಿಮಿಷವನ್ನು ಹೊಗಳಲೇಬೇಕು. ಎತ್ತರದ ಯುವಕ ಮೊಣಕಾಲೂರಿ ಕೂತ. ಫೇಟಾ ಬಿಚ್ಚಿದರೆ ಕೆಳಗೆ ಬಿಸಿಲು ಕಾಣದ ಬಿಳಿ ಹಣೆ, ಅದರ ಕೆಳಗೆ ಇಟ್ಟಿಗೆ ಬಣ್ಣದ ಮುಖ. ಬಟ್ಟೆಯಲ್ಲಿ ಸಿಮೆಂಟು, ಬೆವರು, ಒಂದು ಕಡೆ ಚಹಾದ ಕಲೆ. ಸಿದ್ದಲಿಂಗಪ್ಪ ಅದನ್ನು ಒಮ್ಮೆ ಜಾಡಿಸಿದ. ಎಲ್ಲಿ ಕಲೆಯಿದೆಯೋ ಅದನ್ನು ಒಳಮಡಿಕೆಗೆ ಹಾಕಿ, ಎಲ್ಲಿ ಜರಿ ಉಳಿದಿದೆಯೋ ಅದನ್ನು ಹಣೆಗೆ ತಂದು, ಬಸವಪ್ರಭುಗಳ ತಲೆಗೆ ಎರಡು ನಿಮಿಷದಲ್ಲಿ ಕಟ್ಟಿ ನಿಲ್ಲಿಸಿದ. ಒಂದು ಕಲೆಯೂ ಕಾಣಲಿಲ್ಲ. ಬಸವಪ್ರಭು ಕನ್ನಡಿ ತರಿಸಿ ನೋಡಿಕೊಂಡರು.

"ಬೀಗರ, ಸಿಮೆಂಟ್ ವಾಸನಿ ಹೊಡಿಯಾಕತ್ತದಲ್ರಿ?"

"ಗಟ್ಟಿ ಸಂಬಂಧ ಬಿಡ್ರಿ," ಎಂದೆ ನಾನು. ಯಾರಾದರೂ ಏನಾದರೂ ಹೇಳಬೇಕಿತ್ತು.

ಬಸವಪ್ರಭು ನಗಲಿಲ್ಲ. ಕನ್ನಡಿಯಲ್ಲಿ ಇನ್ನೊಮ್ಮೆ ನೋಡಿಕೊಂಡು, "ಕೈ ಛಲೋ ಅದ" ಎಂದರು. ಸಿದ್ದಲಿಂಗಪ್ಪ ಕೇಳಿಸಿಕೊಂಡ. ಅವನ ಬೆರಳುಗಳು ಒಂದು ಕ್ಷಣ ನಿಂತು ಮತ್ತೆ ಓಡಿದವು. ಒಂದಾದ ಮೇಲೊಂದು ಹತ್ತು ತಲೆಗಳು ಬರಿದಾದವು, ಹತ್ತು ತಲೆಗಳು ತುಂಬಿದವು.

ಉಳಿದದ್ದು ಡಾರ್ಲೀನಳ ಫೇಟಾ ಮತ್ತು ಒಂದು ಖಾಲಿ ಕುರ್ಚಿ. ಅವ್ವಣ್ಣ ಮಾವ ಪಕ್ಕದ ರಸ್ತೆಯ ಬೇರೆ ಕಾರ್ಯಾಲಯಕ್ಕೆ ಹೊಕ್ಕು, ಅಲ್ಲಿ ಯಾರೋ ಕೈಹಿಡಿದು ಕೂರಿಸಿದ್ದರಿಂದ ಊಟಕ್ಕೇ ಕೂತುಬಿಟ್ಟಿದ್ದಾನೆ, ಎಬ್ಬಿಸಿದರೆ ಅವಮಾನವಾಗುತ್ತದೆ ಎಂದು ಸುದ್ದಿ ಬಂತು. ಗಂಟೆ ಹನ್ನೆರಡೂವರೆ.

ಡಾರ್ಲೀನ್ ತಲೆ ಬಗ್ಗಿಸಿದಳು, ಸಿದ್ದಲಿಂಗಪ್ಪ ಬಿಚ್ಚಿದ. ಬಟ್ಟೆ ಕೈಯಲ್ಲಿ ಹಿಡಿದು ಅವಳು ಸುತ್ತ ನೋಡಿ ಏನೋ ಕೇಳಿದಳು. ಪಾಸ್ಟರು ಅದನ್ನು ಮರಾಠಿಗೆ ತಂದರು.

"ಮದುಮಗಳ ಅಪ್ಪ ನೀನಲ್ಲೇನು, ನಿನ್ನ ತಲಿಗೆ ಯಾರು ಕಟ್ತಾರ ಅಂತ ಕೇಳಾಕತ್ತಾರ."

"ಕಟ್ಟೋರಿಗೆ ಯಾರು ಕಟ್ತಾರ್ರಿ," ಎಂದು ಅವನು ಎಂದಿನಂತೆ ನಕ್ಕ.

ಪಾಸ್ಟರು ಅದನ್ನೂ ಇಂಗ್ಲಿಷಿಗೆ ತಂದರು. ಡಾರ್ಲೀನ್ ಅವನ ತೋಳು ಹಿಡಿದು ಖಾಲಿ ಕುರ್ಚಿಯಲ್ಲಿ ಕೂರಿಸಿದಳು. ಬಟ್ಟೆಯ ತುದಿಯನ್ನು ಅವನ ಕೈಗೆ ಕೊಟ್ಟಳು, ಅವನು ದಿನವೂ ಅವಳಿಗೆ ಕೊಡುತ್ತಿದ್ದ ಹಾಗೆಯೇ. ನಾಲಿಗೆ ಕಚ್ಚಿಕೊಂಡು ಸುತ್ತತೊಡಗಿದಳು. ಒಮ್ಮೆ ಜಾರಿತು, ಮತ್ತೆ ಮೊದಲಿಂದ ಸುತ್ತಿದಳು. ವೇದಿಕೆಯ ಮೇಲಿಂದ ಅಯ್ಯನವರು, "ಮುಹೂರ್ತ ಮೀರ್ತದ, ಬೇಗ ಮಾಡ್ರಿ ತಾಯಿ!" ಎಂದು ಕೂಗಿದರು. ಬಸ್ಸು ಓಡಿಸಿದವಳು, ಹಿಂದಿನ ಗದ್ದಲಕ್ಕೆ ತಿರುಗಿ ನೋಡುವ ಅಭ್ಯಾಸವಿರಲಿಲ್ಲ. ಸಿದ್ದಲಿಂಗಪ್ಪ ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ ಕೂತಿದ್ದ. ಸಾವಿರಾರು ಮಂದಿಗೆ ಅಲ್ಲಾಡಬೇಡಿ ಎಂದು ಹೇಳಿದವನು ಈಗ ತಾನು ಕಲ್ಲಿನಂತಿದ್ದ, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಫೇಟಾ ಆಯಿತು. ತುರಾಯಿ ಕಿವಿಯ ಮೇಲೆ ಬಂದಿತ್ತು. ಒಂದು ಸಿಮೆಂಟಿನ ಕಲೆ ಸರಿಯಾಗಿ ಹಣೆಯ ನಡುವೆ. ಒಟ್ಟು ಫೇಟಾ ಎಡಕ್ಕೆ ವಾಲಿತ್ತು. ಕಾರ್ಯಾಲಯಕ್ಕೆ ಕಾರ್ಯಾಲಯವೇ ನಕ್ಕಿತು. ರೇಣು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತ ಅಳುತ್ತಿದ್ದಳು. ಬಸವಪ್ರಭು ಎದ್ದು ಬಂದು, ತಮ್ಮ ಕುರ್ಚಿಯನ್ನು ಬೀಗರ ಕುರ್ಚಿಯ ಪಕ್ಕಕ್ಕೆ ಎಳೆದು ಕೂತರು.

"ಈಗ ಬರೋಬ್ಬರಿ ಆತು ನೋಡ್ರಿ ಬೀಗರ," ಎಂದರು.

ಹನ್ನೆರಡು ನಲವತ್ತೊಂದಕ್ಕೆ ಅಕ್ಕಿಕಾಳು ಬಿತ್ತು. ಆರು ನಿಮಿಷ ತಡ. ಅಯ್ಯನವರು ಇವತ್ತಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ನಾನೇನು ಮಾಡಿದೆನೋ ತಿಳಿಯದು.

ಮೂರು ಗಂಟೆಗೆ ಮಿನಿಬಸ್ಸು ಮುಂಬೈಗೆ ಹೊರಟಿತು. ಡಾರ್ಲೀನ್ ರೇಣುವನ್ನು ಅಪ್ಪಿಕೊಂಡಳು, ಸಗುಣಾಬಾಯಿಯನ್ನು ಅಪ್ಪಿಕೊಂಡಳು, ದಾರಿಯಲ್ಲಿ ಸಿಕ್ಕಿದ ಅಡುಗೆಯವನನ್ನೂ ಅಪ್ಪಿಕೊಂಡಳು. ಬಸ್ಸು ಮಗರಪಟ್ಟಾದ ತಿರುವಿನಲ್ಲಿ ಮರೆಯಾದ ಮೇಲೆ ಭೀಮವ್ವ ಗಂಡನ ತಲೆ ನೋಡಿದಳು.

"ಅಯ್ಯ ಶಿವನ! ಬಿಚ್ಚಿಸ್ಕೊಳ್ಳಲೇ ಇಲ್ಲಲ್ರಿ!"

ಇದಾಗಿ ಇವತ್ತಿಗೆ ಹದಿನೇಳು ದಿನ. ಬೀಗರು ಹತ್ತೂ ಬಟ್ಟೆಗಳನ್ನು ತೊಳೆಸಿ ಕಳಿಸಿದರು. ಸಿದ್ದಲಿಂಗಪ್ಪನ ತಲೆಯ ಮೇಲಿನದು ಮಾತ್ರ ಹಾಗೇ ಇದೆ. ಅದನ್ನು ಹಾಕಿಕೊಂಡೇ ಮಲಗುತ್ತಾನೆ, ಅದನ್ನು ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತಾನೆ. ಹೋದಲ್ಲೆಲ್ಲ ಗಿರಾಕಿಗಳು, ನಿಮಗೆ ಕಟ್ಟಿದವರಿಂದ ಮಾತ್ರ ನಮಗೆ ಕಟ್ಟಿಸಬೇಡಿ ಎನ್ನುತ್ತಾರಂತೆ. ರೇಣು ಮೊದಲ ಸಲ ತವರಿಗೆ ಬಂದವಳು, "ಅಪ್ಪಾ, ನಾ ಬಿಚ್ಲೇನು?" ಎಂದು ಕೈ ಮುಂದೆ ಮಾಡಿದ್ದಕ್ಕೆ ಎರಡು ಹೆಜ್ಜೆ ಹಿಂದೆ ಸರಿದನಂತೆ.

ಇವತ್ತು ಬೆಳಗ್ಗೆ ನಳದ ಹತ್ತಿರ ಸಿಕ್ಕಿದ. ನನಗೆ ತಡೆಯಲಾಗಲಿಲ್ಲ.

"ಸಿದ್ದಲಿಂಗಪ್ಪ, ಆ ನಿಯಮ ನೀನ ಹುಟ್ಟಿಸಿದ್ದಲ್ಲೋ? ಸುಳ್ಳಲ್ಲೋ ಅದು?"

"ಹೌದ್ರಿ ರಾಯ್ರ, ನಾನ ಹುಟ್ಟಿಸಿದ್ದು," ಎಂದ. "ಆದ್ರ ಆವಾಗ ನನ್ನ ತಲಿಗೆ ಯಾರೂ ಕಟ್ಟಿದ್ದಿಲ್ಲ."

ಕೊಡ ತುಂಬಿತು. ಡಾರ್ಲೀನಬಾಯಿ ಬರುವ ಜನವರಿಗೆ ಬೋರಮಳಾದ ಕೋಣೆಗೆ ಮಾಡು ಹಾಕಲು ಬರುತ್ತಾರಂತೆ, ಪಾಸ್ಟರು ಫೋನ್ ಮಾಡಿದ್ದರು ಎಂದು ಹೇಳಿ, ತುರಾಯಿಗೆ ನೀರು ಸಿಡಿಯದಂತೆ ತಲೆಯನ್ನು ಒಂದು ಕಡೆ ಹಿಡಿದು, ಕೊಡ ಎತ್ತಿಕೊಂಡು ಮನೆಗೆ ಹೋದ.